ಕಟ್ಟೆಯ ಮೇಲಿನ ಬಾಣಂತನ

ಆಳಂದ ಸೀಮೆಯ ಸರಸಂಬಾ ಊರಿನ ಗಂಡಸರಿಗೆ ಬಾಣಂತನವೆಂದರೆ ಒಂದು ವಾಸನೆ, ಅಷ್ಟೇ. ಒಳಗಿನ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ, ಅವರೂ ಕೇಳುವುದಿಲ್ಲ. ಮುಂದಿನ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಜಗಿಯುತ್ತ, ಬಾಗಿಲ ಸಂದಿಯಿಂದ ಬರುವ ಹೊಗೆಯನ್ನು ಮೂಸಿ, ‘ಹಾಂ, ಕೂಸಿಗೆ ನೀರು ಹಾಕಿದ್ರು’ ಎಂದು ತಿಳಿದುಕೊಳ್ಳುವುದೊಂದೇ ಅವರ ಪಾಲಿಗೆ ಬಂದ ವಿದ್ಯೆ. ಸೈದಪ್ಪ ಈ ವಿದ್ಯೆಯಲ್ಲಿ ಪಂಡಿತ. ಆದರೆ ಕಟ್ಟೆಯ ಪಾಂಡಿತ್ಯವನ್ನು ನಂಬಿ ಒಬ್ಬ ಗಂಡಸು ಬಾಣಂತನಕ್ಕೇ ಕೈ ಹಾಕಿದರೆ ಏನಾಗುತ್ತದೆ ಎಂಬುದನ್ನು ಊರು ನೋಡಿದ್ದು ಅದೇ ಮೊದಲು.

ಸೈದಪ್ಪನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಜಯಮಾಲಾ, ಜೇವರ್ಗಿಗೆ ಕೊಟ್ಟ ಮಗಳು, ಚೊಚ್ಚಲ ಬಸುರಿ. ಕಿರಿಯಳು ಶಿವಕಾಂತಾ, ಆಳಂದದ ಸರ್ಕಾರಿ ಕಾಲೇಜಿನಲ್ಲಿ ಕೊನೆಯ ವರ್ಷ. ಹೆಂಡತಿ ಸಾಬಮ್ಮ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಈ ಸೀಮೆಯ ಕಟ್ಟಳೆ. ಸರಿ, ತವರು ಇದೆ; ಆದರೆ ತವರಿನಲ್ಲಿ ಬಾಣಂತನ ಮಾಡುವ ಕೈ ಯಾವುದು? ಎಲ್ಲರ ಕಣ್ಣೂ ಶಿವಕಾಂತಾಳ ಮೇಲೆ ಬಿತ್ತು. ಅದೇ ಹೊತ್ತಿಗೆ ಶಿವಕಾಂತಾಳಿಗೆ ಕೆಲಸ ಸಿಕ್ಕಿತು.

ಕೆಲಸವೆಂದರೆ ಪೂರ್ತಿ ಕೆಲಸವೂ ಅಲ್ಲ, ಓದೂ ಅಲ್ಲ. ಇಂಟರ್ನ್‌ಶಿಪ್ ಎಂದು ಹೆಸರು. ಕಲಬುರಗಿಯ ಒಂದು ಸಂಶೋಧನಾ ಸಂಸ್ಥೆಯವರು ಆಳಂದ, ಅಫಜಲಪುರ, ಜೇವರ್ಗಿಯ ಕಾಲೇಜುಗಳಲ್ಲಿ ತಿರುಗಾಡಿ, ಮನೆಯಲ್ಲಿ ಈ ಮುಂಚೆ ಯಾರೂ ಕಾಲೇಜು ಮೆಟ್ಟಿಲು ಹತ್ತದ ಹುಡುಗ ಹುಡುಗಿಯರನ್ನೇ ಹುಡುಕಿ ಆರಿಸಿದ್ದರು. ಹಳ್ಳಿಗಳಿಗೆ ಹೋಗಿ ಬಸುರಿ, ಬಾಣಂತಿಯರನ್ನು ಮಾತನಾಡಿಸಬೇಕು. ಸರ್ಕಾರದ ಆರೋಗ್ಯ ನೀತಿ ಅವರ ಮನೆಯ ಹೊಸ್ತಿಲವರೆಗೆ ಬಂದಿದೆಯೋ, ದಾರಿಯಲ್ಲೇ ಎಲ್ಲಾದರೂ ಕುಳಿತಿದೆಯೋ ಎಂದು ತಿಳಿದು ವರದಿ ಬರೆಯಬೇಕು. ತಿಂಗಳಿಗೆ ಪಗಾರವೂ ಉಂಟು. ಪಗಾರ ಇಲ್ಲದಿದ್ದರೆ ಶಿವಕಾಂತಾ ಅರ್ಜಿಯನ್ನೇ ಹಾಕುತ್ತಿರಲಿಲ್ಲ. ರಜೆ ಬಂತೆಂದರೆ ತೊಗರಿ ಹೊಲದಲ್ಲಿ ಕಳೆ ತೆಗೆಯಲು ಹೋಗುವವಳಿಗೆ ಪುಕ್ಕಟೆ ಊರು ಸುತ್ತುವ ಸಿರಿ ಎಲ್ಲಿಂದ ಬರಬೇಕು?

ಈ ಸುದ್ದಿ ಕೇಳಿ ಸೈದಪ್ಪನ ಅಕ್ಕ ಹೀರಾಬಾಯಿ ನರೋಣಾದಿಂದ ಬಸ್ಸು ಹತ್ತಿ ಬಂದೇಬಿಟ್ಟಳು. ಬಂದವಳು ಕಾಲು ತೊಳೆಯುವ ಮೊದಲೇ ಶುರು ಮಾಡಿದಳು.

“ಏನಂದಿ? ಬಾಣಂತ್ಯಾರ ಸುದ್ದಿ ಕೇಳೂದಕ್ಕ ಪಗಾರ ಕೊಡ್ತಾರ? ಹುಟ್ಟಿದಾಗಿಂದ ನಾವು ಪುಕ್ಕಟ ಕೇಳಾಕತ್ತೀವಲ್ಲೋ ತಮ್ಮಾ!”

ಸೈದಪ್ಪನಿಗೆ ನಗು ಬಂತು. ಹೀರಾಬಾಯಿಗೆ ಬರಲಿಲ್ಲ.

“ನಗಬ್ಯಾಡ. ಒಡಹುಟ್ಟಿದಾಕಿ ಬಾಣಂತನ ಬಿಟ್ಟು ಕಂಡೋರ ಬಾಣಂತನ ಕೇಳ್ಕೋತ ತಿರಗತಾಳಂತ. ಊರಿಗೆ ಉಪಕಾರಿ, ಮನಿಗೆ ಮಾರಿ. ನಾನ ಬಂದು ಮಾಡ್ತಿದ್ದೆ, ನನ್ನ ಮೊಣಕಾಲು ಕೂತ್ರ ಏಳಾಕ ಬಿಡೂದಿಲ್ಲ.”

ಜೇವರ್ಗಿಯಿಂದಲೂ ಬೀಗತಿ ಹೇಳಿಕಳಿಸಿದ್ದಳು. ಕೆಟ್ಟ ಹೆಂಗಸಲ್ಲ, ಕಡ್ಡಿ ಮುರಿದಂತೆ ಮಾತನಾಡುವವಳು. ಸಣ್ಣವಳು ಮನೆಯಲ್ಲಿದ್ದರೆ ಸೊಸೆಯನ್ನು ಕಳಿಸುತ್ತೇವೆ, ಇಲ್ಲವೆಂದರೆ ಹೆರಿಗೆ ಇಲ್ಲೇ ಆಗಲಿ, ತಾಯಿ ಇಲ್ಲದ ತವರಿಗೆ ಯಾರನ್ನು ನಂಬಿ ಕಳಿಸುವುದು ಎಂದು. ಜಯಮಾಲಾ ಫೋನಿನಲ್ಲಿ, “ನೀ ಹೆಂಗಂತಿ ಹಂಗ ಅಪ್ಪಾ” ಎಂದಳು. ಇಡುವ ಮುಂಚೆ ಒಂದು ಕೇಳಿದಳು: “ಹಿತ್ತಲ ನುಗ್ಗಿಗಿಡ ಹೂ ಬಿಟ್ಟದೇನು?”

ಬಿಟ್ಟದ ಎಂದು ಹೇಳಿ ಸೈದಪ್ಪ ಫೋನು ಇಟ್ಟ. ಸಾಬಮ್ಮ ತನ್ನ ತವರಿನ ಬಾವಿಯನ್ನು ಹೀಗೇ ಕೇಳುತ್ತಿದ್ದಳು, ನೀರು ಮ್ಯಾಲೆ ಬಂದದೇನು ಅಂತ. ಬರಬೇಕು ಅನಿಸಿದೆ ಎಂದು ಬಾಯಿಬಿಟ್ಟು ಹೇಳುವ ಹೆಣ್ಣುಮಕ್ಕಳು ಆ ಮನೆಯಲ್ಲಿ ಯಾವತ್ತೂ ಇರಲಿಲ್ಲ.

ಒಲೆಯ ಹತ್ತಿರ ಶಿವಕಾಂತಾ ಬೆನ್ನು ಮಾಡಿಕೊಂಡು ರೊಟ್ಟಿ ಬಡಿಯುತ್ತಿದ್ದಳು. “ನಾ ನಾಳಿ ಫೋನ್ ಮಾಡಿ ಬರೂದಿಲ್ಲ ಅಂತ ಹೇಳ್ತೇನಿ ಬಿಡು. ನನ್ನ ಜಾಗಾಕ್ಕ ಬ್ಯಾರೆ ಯಾರರ ಬರ್ತಾರ.” ದನಿಯಲ್ಲಿ ಅಳು ಇರಲಿಲ್ಲ. ಇದ್ದಿದ್ದರೆ ಸೈದಪ್ಪ ತಡೆದುಕೊಳ್ಳುತ್ತಿದ್ದ. ಆರಿಸಿದ್ದಾರೆ ಎಂದು ಗೊತ್ತಾದ ದಿನ ಇದೇ ಹುಡುಗಿ ಕಾಲೇಜಿನಿಂದ ಪೇಢೆ ತಂದು ಓಣಿಗೆಲ್ಲ ಹಂಚಿ, ಉಳಿದ ಒಂದನ್ನು ಅವ್ವನ ಫೋಟೋದ ಮುಂದೆ ಇಟ್ಟಿದ್ದಳು. ಆ ಪೇಢೆಯನ್ನು ಇರುವೆ ತಿಂದು ಮುಗಿಸುವಷ್ಟರಲ್ಲಿ ಬಿಟ್ಟುಬಿಡುತ್ತೇನೆ ಎನ್ನುತ್ತಿದ್ದಾಳೆ. 

“ಯಾಕ ಬಿಡ್ತಿ? ಬಾಣಂತನ ನಾ ಮಾಡ್ತೇನಿ,” ಎಂದ.

ಹೀರಾಬಾಯಿ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು.

“ನೀ?”

“ಹೂಂ. ನಾನ.”

“ಎಲ್ಲಿ ಕಲ್ತಿ?”

“ಕಟ್ಟಿ ಮ್ಯಾಲೆ,” ಎಂದ ಸೈದಪ್ಪ. ತಮಾಷೆಗೆ ಹೇಳಿದ್ದಲ್ಲ.

ಅವನ ಧೈರ್ಯಕ್ಕೆ ಕಾರಣವಿತ್ತು. ಜಯಮಾಲಾ ಹುಟ್ಟಿದ್ದು ಸಾಬಮ್ಮನ ತವರಿನಲ್ಲಿ, ಅಫಜಲಪುರದ ಕಡೆ ಭೀಮಾ ದಂಡೆಯ ಒಂದು ಹಳ್ಳಿಯಲ್ಲಿ. ಆಗ ಸೈದಪ್ಪನಿಗೆ ಮೀಸೆ ಹೊಸದು. ಕೊಬ್ಬರಿ, ಬೆಲ್ಲ ಕಟ್ಟಿಕೊಂಡು, ಬಸ್ಸು ಇಳಿದು ಬಸ್ಸು ಹತ್ತಿ ಅಲ್ಲಿಗೆ ಹೋದರೆ, ಅತ್ತೆ ಅವನನ್ನು ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟಳೇ ಹೊರತು ಒಳಗೆ ಬಿಡಲಿಲ್ಲ. “ಕೂಸಿಗಿ ದೃಷ್ಟಿ ಆಗ್ತದ, ಅಲ್ಲೇ ಕೂಡ್ರಿ ಅಳಿಯಾರ.” ಅವನು ಕುಳಿತ. ಮರುದಿನವೂ ಕುಳಿತ. ಊರಲ್ಲಿ ಹೊಲ ಕರೆಯುತ್ತಿತ್ತು, ಆದರೆ ಆ ಕಟ್ಟೆ ಬಿಟ್ಟು ಏಳಲು ಮನಸ್ಸೇ ಬರಲಿಲ್ಲ. ಒಳಗಿನಿಂದ ಮೊದಲು ಕಾದ ನೀರಿನ ಹಬೆಯಲ್ಲಿ ಬೇವಿನೆಲೆಯ ಕಹಿ ಬರುತ್ತಿತ್ತು. ಆಮೇಲೆ ಕೆಂಡದ ಮೇಲೆ ಉದುರಿಸಿದ ಅಜವಾನ, ಓಮಿನ ಕಾಳು. ಅದರ ಬೆನ್ನಿಗೆ ಲೋಬಾನ. ಕೊನೆಗೆ ತುಪ್ಪದಲ್ಲಿ ಬೆಳ್ಳುಳ್ಳಿ ಕೆಂಪಾಗುವ ವಾಸನೆ, ಅಂದರೆ ಸಾಬಮ್ಮ ಊಟಕ್ಕೆ ಕುಳಿತಳು ಎಂದು ಅರ್ಥ. ಒಮ್ಮೆ ಮಾತ್ರ ಬಾಗಿಲು ಅರ್ಧ ತೆರೆಯಿತು. ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ಇಟ್ಟುಕೊಂಡ ಸಾಬಮ್ಮ ಇಣುಕಿ ನಕ್ಕಳು. ಸೈದಪ್ಪ ತನ್ನ ಆಯುಷ್ಯದಲ್ಲಿ ಬಹಳ ಸುಖ ಕಂಡವನಲ್ಲ. ಕಂಡದ್ದರಲ್ಲಿ ಅದು ದೊಡ್ಡದು.

ಮುಂದೆ ಸಾಬಮ್ಮ ಓಣಿಯ ಅರ್ಧ ಹೆಣ್ಣುಮಕ್ಕಳ ಬಾಣಂತನಕ್ಕೆ ನಿಂತಳು. ಬಾಜೂ ಮನೆಯ ಸುಲ್ತಾನಬಿ ಅವಳಿಗೆ ಜೋಡಿ. ಇಬ್ಬರ ಸೀರೆಗೂ ವರ್ಷವೆಲ್ಲ ಅದೇ ಅಜವಾನದ ವಾಸನೆ, ಸಾಬಮ್ಮ ಹಾಯ್ದುಹೋದರೆ ಮನೆಯಲ್ಲಿ ಎಲ್ಲೋ ಒಂದು ಕೂಸು ಮಲಗಿದೆ ಅನ್ನಿಸಬೇಕು. ಅವಳು ಹೋದ ಮೇಲೆ ಆ ಮನೆಯಲ್ಲಿ ಅಡುಗೆ ಆಗುತ್ತಿತ್ತು, ದೀಪ ಹಚ್ಚುತ್ತಿದ್ದರು, ಆದರೆ ಮನೆಗೆ ವಾಸನೆ ಎಂಬುದೇ ಇಲ್ಲವಾಗಿತ್ತು. ಇದನ್ನು ಸೈದಪ್ಪ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವ ಮಾತೇ ಅದು?

ಶಿವಕಾಂತಾ ಹೊರಟಳು. ಸುಲ್ತಾನಬಿ ಗೋಡೆಯ ಆಚೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಆ ಗೋಡೆ ಮಾತು ತಡೆಯಲು ಕಟ್ಟಿದ್ದಲ್ಲ. “ತಾಯಿಗಿ, ಕೂಸಿಗಿ ನೀರು ಹಾಕೂದು ನಂದು ಸೈದಣ್ಣ. ಒಲಿ, ನೀರು, ಅರಿವಿ ಒಗ್ಯಾಣ ನಿಂದು. ಆದೀತಿಲ್ಲೊ?” ಎಂದಳು. ಆದೀತು ಎಂದ. ಆದರೆ ಜೇವರ್ಗಿಯ ಬೀಗತಿ ಒಪ್ಪಬೇಕಲ್ಲ? ಗಂಡಸು ಬಾಣಂತನ ಮಾಡುತ್ತಾನಂತೆ ಎಂಬ ಮಾತು ಕೇಳಿ ಅವಳು, “ನಾ ಬಂದು ನೋಡೂತನಕ ಸೊಸಿನ ಬಿಡೂದಿಲ್ಲ” ಎಂದುಬಿಟ್ಟಳು. ಯಾವತ್ತು ಬರುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಅಲ್ಲಿಂದ ದಿನಾ ಸಂಜೆ ಶಿವಕಾಂತಾಳ ಫೋನು. ಇವತ್ತು ಅಫಜಲಪುರದ ಹಳ್ಳಿ, ನಾಳೆ ಜೇವರ್ಗಿಯದು. ಹುಡುಗಿಯ ದನಿ ದಿನದಿನಕ್ಕೆ ಗಟ್ಟಿಯಾಗುತ್ತಿತ್ತು. ಗಂಡನ ಊರಲ್ಲಿ ಹೆಸರು ಬರೆಸಿದ ಬಸುರಿಯರು ಹೆರಿಗೆಗೆ ತವರಿಗೆ ಹೋದರೆ, ಇವರ ಟ್ಯಾಬಿನಲ್ಲಿ ಅವರ ಹೆಸರಿನ ಮುಂದೆ ‘ಸಿಗಲಿಲ್ಲ’ ಎಂದು ಒತ್ತಬೇಕಿತ್ತಂತೆ. “ಸಿಗಲಿಲ್ಲ ಅಂದ್ರ ಹೆಂಗ್ರಿ ಸರ್, ತವರಿಗೆ ಹೋಗ್ಯಾರ್ರೀ, ಅಲ್ಲೂ ದವಾಖಾನಿ ಅದ, ಅಲ್ಲೂ ಅವರಿಗೆ ಗುಳಿಗಿ, ಸೂಜಿ ಸಿಗಬೇಕಲ್ರೀ ಅಂದೆ ಅಪ್ಪಾ. ಸರ್ ಸುಮ್ಮ ಕೇಳಿದ್ರು. ಈಗ ‘ತವರಿಗೆ ಹೋಗಿದ್ದಾರೆ’ ಅಂತ ಹೊಸಾದು ಹಾಕ್ಯಾರ.” ಸೈದಪ್ಪನಿಗೆ ಟ್ಯಾಬು ಗೊತ್ತಿಲ್ಲ. ಸರ್ ಆದವನ ಎದುರು ಮಗಳು ಮಾತನಾಡಿದಳು ಎಂಬುದು ಗೊತ್ತಾಯಿತು. ಅದನ್ನು ಕಟ್ಟೆಯ ಮೇಲೆ ಕುಳಿತವರಿಗೆಲ್ಲ, ಅವರು ಬೇಸತ್ತು ಏಳುವವರೆಗೆ ಹೇಳಿದ.

ಇನ್ನೊಂದು ದಿನ ಅವಳೆಂದಳು: “ಬಾಣಂತನ ಯಾರು ಮಾಡಿದ್ರು ಅಂತ ಒಂದು ಪ್ರಶ್ನಿ ಅದ. ಯಾವ ಊರಿಗೆ ಹೋದ್ರೂ, ಯಾರನ್ನ ಕೇಳಿದ್ರೂ ಒಂದ ಮಾತು ಹೇಳ್ತಾರ ಅಪ್ಪಾ. ಅವ್ವ ಅಂತಾರ. ಅವ್ವ ಇಲ್ಲದವರು ಸೆರಗಿಲೆ ಮೂಗು ಒರಸ್ಕೋತಾರ.” 

ಬೀಗತಿ ಬರುವ ಮೊದಲು ಒಮ್ಮೆ ಎಲ್ಲವನ್ನೂ ಮಾಡಿ ನೋಡಿಬಿಡೋಣ ಎಂದು ಸೈದಪ್ಪನಿಗೆ ಬುದ್ಧಿ ಹೊಳೆಯಿತು. ಒಳಗಿನ ಕೋಣೆ ಸಾರಿಸಿ, ಹೊರಸು ಹಾಕಿದ. ಸಾಬಮ್ಮನ ಟ್ರಂಕಿನಿಂದ ಕೆಂಡ ಹಾಕುವ ಶಿಗಡಿ ತೆಗೆದ. ಅದೇ ಟ್ರಂಕಿನಲ್ಲಿ ಅವಳು ಬಟ್ಟೆಯಲ್ಲಿ ಕಟ್ಟಿಟ್ಟ ಲೋಬಾನದ ಗಂಟೊಂದು ಇತ್ತು. ಬಿಚ್ಚದೆ ಎಷ್ಟೋ ಹೊತ್ತು ಕೈಯಲ್ಲೇ ಹಿಡಿದು ಕುಳಿತಿದ್ದ. ಗಂಟು ಹಾಕುವುದರಲ್ಲಿ ಅವಳು ಜಿಗುಟು, ಹಲ್ಲು ಹಚ್ಚದೆ ಅವಳ ಗಂಟು ಬಿಚ್ಚಲು ಬರುತ್ತಿರಲಿಲ್ಲ. ಕೊನೆಗೆ ಹಲ್ಲು ಹಚ್ಚಿಯೇ ಬಿಚ್ಚಿದ. ಶಿಗಡಿಯಲ್ಲಿ ಕೆಂಡ ತುಂಬಿ, ಬಾಗಿಲು ಮುಚ್ಚಿ, ಆ ಹಳೆಯ ಕಟ್ಟೆಯ ಮೇಲೆ ಕುಳಿತವನಂತೆ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ಅಜವಾನ ಹಾಕಿದ. ಸರಿ, ಬಂತು. ಲೋಬಾನ ಹಾಕಿದ. ಅದೂ ಬಂತು, ಎದೆಗೇ ಬಂತು. ಆದರೆ ಏನೋ ಒಂದು ಕಡಿಮೆ. ಅತ್ತೆಯ ಮನೆಯಲ್ಲಿ ಇಳಿಹೊತ್ತಿಗೆ ಇನ್ನೊಂದು ಘಾಟು ಬರುತ್ತಿತ್ತು, ಕಟ್ಟೆಯ ಮೇಲಿದ್ದವನಿಗೂ ಸೀನು ತರಿಸುವಂಥದ್ದು. ಹಾಂ, ಮೆಣಸಿನಕಾಯಿ! ಅಡುಗೆಮನೆಗೆ ಹೋಗಿ ಒಣಮೆಣಸಿನಕಾಯಿ ಒಂದು ಹಿಡಿ ತಂದು ಕೆಂಡಕ್ಕೆ ಸುರಿದ.

ಕಟ್ಟೆಯ ಮೇಲೆ ಕುಳಿತು ಕಲಿತ ವಿದ್ಯೆಯಲ್ಲಿ ಇದೊಂದು ತೊಡಕು. ವಾಸನೆ ಗೊತ್ತಾಗುತ್ತದೆ, ಯಾವ ಒಲೆಯದು ಎಂದು ಗೊತ್ತಾಗುವುದಿಲ್ಲ.

ಕೋಣೆಯಿಂದ ಸೈದಪ್ಪ ಹೊರಬಿದ್ದದ್ದು ಟವೆಲ್ಲನ್ನು ಮುಖಕ್ಕೆ ಸುತ್ತಿಕೊಂಡು, ಬಗ್ಗಿ, ಕೆಮ್ಮುತ್ತ. ಹೊಗೆ ಅವನ ಹಿಂದೆಯೇ ಬಂತು. ಓಣಿಯ ಜನರೆಲ್ಲ ಮೂಗು ಮುಚ್ಚಿಕೊಂಡು ಓಡಿದರು. ಒಬ್ಬರು ಕೊಡದಲ್ಲಿ ನೀರು ತಂದರು. ಇದೆಲ್ಲದರ ನಡುವೆ ಅಂಗಳದ ಮುಂದೆ ಒಂದು ಟಂಟಂ ಬಂದು ನಿಂತಿತು. ಅದರಿಂದ ಜೇವರ್ಗಿಯ ಬೀಗತಿ ಇಳಿದಳು. ಅವಳ ಹಿಂದೆ ತುಂಬು ಹೊಟ್ಟೆಯ ಜಯಮಾಲಾ.

ಬೀಗತಿಗೆ ಬಾಯಿ ತೆರೆಯಲು ಕೆಮ್ಮು ಬಿಡಲಿಲ್ಲ.  ಮುಗಿಯಿತು. ಹಿರಿಯಳು ಬಂದ ಟಂಟಂನಲ್ಲೇ ತಿರುಗಿ ಹೋಗುತ್ತಾಳೆ. ಇಲ್ಲವೇ ಕಿರಿಯಳನ್ನು ನಾಳೆಯೇ ಕರೆಸಬೇಕು. ಒಬ್ಬಳಿಗೆ ತವರಿಲ್ಲ, ಇಲ್ಲ ಇನ್ನೊಬ್ಬಳಿಗೆ ದಾರಿಯಿಲ್ಲ. ಎರಡನ್ನೂ ಒಂದು ಹಿಡಿ ಮೆಣಸಿನಕಾಯಿಯಲ್ಲಿ ಸುಟ್ಟುಕೊಂಡೆನಲ್ಲ ಎಂದು ತಲೆ ತಗ್ಗಿಸಿ ನಿಂತ.

ಸುಲ್ತಾನಬಿ ಶಿಗಡಿಯನ್ನು ಹೊರಗೆ ತಂದು ನೋಡಿದಳು. ನೋಡಿ ಹಣೆ ಬಡಿದುಕೊಂಡಳು. “ಇದು ಕೂಸಿಗಿ ಕೊಡೂ ಹೊಗಿ ಅಲ್ಲೋ ಸೈದಣ್ಣ! ಇಳಿಹೊತ್ತಿನ್ಯಾಗ ದೃಷ್ಟಿ ತಗದು ಹಿತ್ತಲ ಒಲಿಗೆ ಹಾಕೂ ಮೆಣಸಿನಕಾಯಿ!” ಆಮೇಲೆ ಬೀಗತಿಯ ಕಡೆ ತಿರುಗಿ, ಸೆರಗು ಮೂಗಿಗೆ ಹಿಡಿದುಕೊಂಡೇ ಹೇಳಿದಳು: “ದೃಷ್ಟಿ ಆಗಿದ್ರ ಘಾಟ ಬರಾಂಗಿಲ್ಲ ನೋಡ್ರಿ ಅಕ್ಕಾರ. ಇಷ್ಟು ಘಾಟ ಬಂದದಂದ್ರ ಈ ಮನಿಗೆ ಯಾರ ದೃಷ್ಟಿನೂ ಆಗಿಲ್ಲ ಬಿಡ್ರಿ!”

ಮೊದಲು ನಕ್ಕವಳು ಜಯಮಾಲಾ. ಹೊಟ್ಟೆ ಹಿಡಿದುಕೊಂಡು, ಕೆಮ್ಮಿಕೊಂಡು, ಅಂಗಳದ ಕಲ್ಲಿನ ಮೇಲೆ ಕುಳಿತು ನಕ್ಕಳು. ನಗು ನಿಲ್ಲುವ ಹೊತ್ತಿಗೆ ಮೆಣಸಿನಕಾಯಿಯ ಘಾಟು ಇಳಿದು, ಅದರ ಕೆಳಗೆ ಅಡಗಿದ್ದ ಅಜವಾನ, ಲೋಬಾನ ಮೆಲ್ಲಗೆ ತೇಲಿ ಬಂದವು. ಅವಳು ಮೂಗು ಎತ್ತಿ ಒಮ್ಮೆ ಉಸಿರೆಳೆದುಕೊಂಡಳು.

“ಅತ್ತಿ, ನಾ ಇಲ್ಲೇ ಇರ್ತೇನಿ,” ಎಂದಳು. ಕೇಳಿದ್ದಲ್ಲ, ಹೇಳಿದ್ದು.

ಬೀಗತಿ ಕಣ್ಣೊರೆಸಿಕೊಂಡಳು. ಒಳಗೆ ಹೋಗಿ ಸಾರಿಸಿದ ನೆಲ, ಬಿಗಿದ ಹೊರಸು, ಸಾಲಾಗಿ ಜೋಡಿಸಿಟ್ಟ ಕಟ್ಟಿಗೆ, ಒಗೆದು ಮಡಿಚಿಟ್ಟ ಹಳೆಯ ಮೆತ್ತನೆ ಸೀರೆಗಳನ್ನು ನೋಡಿ ಬಂದಳು. ಆ ಸೀರೆಗಳು ಸಾಬಮ್ಮನವು. 

“ನನಗೂ ತಾಯಿ ಇರ್ಲಿಲ್ಲರಿ ಬೀಗರ,” ಎಂದಳು ಬೀಗತಿ. “ಅಪ್ಪ ಇದ್ದ. ಚೊಚ್ಚಲದಾಗ ದಿನಾ ದಾರಿ ನೋಡಿದೆ. ಅಂವಾ ಒಮ್ಮೆನೂ ‘ಬಾ’ ಅನ್ನಲಿಲ್ಲ.” ಆಮೇಲೆ ಮೊದಲಿನ ದನಿಗೆ ಮರಳಿದಳು. “ಇರ್ಲಿ ಇಕಿ ಇಲ್ಲೇ. ಆದ್ರ ಶಿಗಡ್ಯಾಗ ಮೆಣಸಿನಕಾಯಿ ಹಾಕಬ್ಯಾಡ್ರಿ.”

ಹೆರಿಗೆ ಆಳಂದದ ಸರ್ಕಾರಿ ದವಾಖಾನೆಯಲ್ಲಿ ಸಸೂತ್ರವಾಯಿತು. ಹೆಣ್ಣು ಕೂಸು. ಮನೆಗೆ ಬಂದ ಮೇಲೆ ಸೈದಪ್ಪ ನಸುಕಿನಲ್ಲಿ ಎದ್ದು ಬೇವಿನೆಲೆ ಹಾಕಿ ನೀರು ಕಾಯಿಸುತ್ತಿದ್ದ. ಸುಲ್ತಾನಬಿ ಬಂದು ತಾಯಿಗೆ, ಕೂಸಿಗೆ ನೀರು ಹಾಕಿ ಹೋಗುತ್ತಿದ್ದಳು. ಕೂಸಿನ ಅರಿವೆಯನ್ನು ಅವನು ಹಿತ್ತಲಲ್ಲಿ ಒಗೆದು, ಯಾರೂ ನೋಡಬಾರದೆಂದು ನುಗ್ಗಿಗಿಡದ ಮರೆಗೆ ಒಣಹಾಕುತ್ತಿದ್ದ. ಎಲ್ಲರೂ ನೋಡಿದರು. ಕಟ್ಟೆಯ ಗೆಳೆಯರು “ಏನವಾ ಸೈದವ್ವಾ, ಬಾಣಂತಿ ಆರಾಮ ಅದಾಳೇನು?” ಎಂದು ಕಾಡಿದರು. ಅವನು, “ಆರಾಮ ಅದಾಳ್ರಿ, ನಿಮಗೂ ಒಂದೊಂದು ಅಂಟಿನುಂಡಿ ಕೊಡ್ಲೇನು?” ಎಂದು ಅವರ ಬಾಯಿ ಮುಚ್ಚಿಸಿದ. ಬಾಣಂತಿಗೆಂದು ಅವನೇ ಅಂಟು, ಬೆಲ್ಲ ಹಾಕಿ ಕಟ್ಟಿದ ಆ ಉಂಡಿ ಹಲ್ಲಿಗೆ ಕಲ್ಲಿನಂತೆ ಬಂದಿತ್ತು ಎಂಬುದು ಬೇರೆ ಮಾತು. ಜಯಮಾಲಾ ಅದನ್ನು ಹಾಲಿನಲ್ಲಿ ನೆನೆಸಿ, ಒಂದು ಚೂರೂ ಬಿಡದೆ ತಿಂದಳು.

ಒಂದೇ ಒಂದು ವಿಷಯಕ್ಕೆ ಅವನಿಗೂ ಶಿವಕಾಂತಾಳಿಗೂ ಜಗಳವಾಯಿತು. ಹೊಗೆ. “ಮುಚ್ಚಿದ ಖೋಲ್ಯಾಗ ಹೊಗಿ ಹಾಕಬ್ಯಾಡ ಅಪ್ಪಾ, ಕೂಸಿನ ಎದಿಗೆ ಒಳ್ಳೇದಲ್ಲ. ನಮಗ ತರಬೇತಿಯಾಗ ಹೇಳ್ಯಾರ, ನರ್ಸಮ್ಮನೂ ಹೇಳಿರಬೇಕಲ್ಲ,” ಎಂದಳು ಫೋನಿನಲ್ಲಿ. ನರ್ಸಮ್ಮ ಹೇಳಿದ್ದಳು, ಸೈದಪ್ಪ ಕೇಳಿಸದವನಂತೆ ಇದ್ದ. “ಹೊಗಿ ಇಲ್ಲದ ಬಾಣಂತನ ಎಂಥಾದ್ದು ಬೇ? ನಿಮ್ಮವ್ವ ಊರಿಗೆಲ್ಲಾ ಹಾಕ್ಯಾಳ!” ಎಂದು ದನಿ ಏರಿಸಿದ. ಶಿವಕಾಂತಾ ದನಿ ಏರಿಸಲಿಲ್ಲ. “ಅವ್ವಗ ಇದು ಯಾರೂ ಹೇಳಿರ್ಲಿಲ್ಲ ಅಪ್ಪಾ. ಹೇಳಿದ್ರ ಆಕಿ ಕೇಳ್ತಿದ್ಲು.” ಅದು ನಿಜ. ಸಾಬಮ್ಮ ಯಾರ ಮಾತನ್ನಾದರೂ ಕೇಳುತ್ತಿದ್ದಳು, ಗಂಡನದೊಂದನ್ನು ಬಿಟ್ಟು. ಕೂಸಿನ ಸಣ್ಣ ಎದೆ ಏರಿಳಿಯುವುದನ್ನು ನೋಡಿ, ಅವನು ಶಿಗಡಿಯನ್ನು ತಿರುಗಿ ಟ್ರಂಕಿಗೆ ಇಟ್ಟ. ಮನೆ ಮತ್ತೆ ವಾಸನೆ ಇಲ್ಲದ್ದಾಯಿತು. ಜಯಮಾಲಾ ಏನೂ ಅನ್ನಲಿಲ್ಲ. ಅನ್ನುವವಳೇ ಅಲ್ಲ.

ರವಿವಾರ ಶಿವಕಾಂತಾ ಬಂದಳು, ಹೆಗಲಿಗೆ ಚೀಲ, ಚೀಲದಲ್ಲಿ ಟ್ಯಾಬು. ಕೂಸನ್ನು ಎತ್ತಿ ಮುದ್ದಾಡಿ, ಅಕ್ಕನ ಪಕ್ಕದಲ್ಲಿ ಹೊರಸಿನ ಮೇಲೆ ಕುಳಿತು ಗುಸುಗುಸು ಶುರು ಮಾಡಿದಳು. ಸೈದಪ್ಪ ಎದ್ದು ಹೊರಗೆ ಬಂದ. ಹೆಣ್ಣುಮಕ್ಕಳು ಮಾತಿಗೆ ಕೂತಲ್ಲಿ ಗಂಡಸಿನ ಜಾಗ ಕಟ್ಟೆ. ಆ ಕಟ್ಟಳೆಯನ್ನು ಅವನೇನೂ ಮುರಿದಿರಲಿಲ್ಲ. ಕುಳಿತವನಿಗೆ ಏನನಿಸಿತೋ, ಟ್ರಂಕಿನಿಂದ ಶಿಗಡಿ ತಂದು ಅಂಗಳದ ತುದಿಯಲ್ಲಿ, ಬಾಗಿಲಿಗೆ ದೂರವಾಗಿ ಇಟ್ಟ. ಎರಡೇ ಕೆಂಡ ಹಾಕಿದ. ಮೇಲೆ ಒಂದು ಚಿಟಿಕೆ ಅಜವಾನ, ಸಾಬಮ್ಮನ ಗಂಟಿನಿಂದ ಒಂದು ಚೂರು ಲೋಬಾನ. ಎಳೆಯಷ್ಟು ಹೊಗೆ ಎದ್ದು ಆಕಾಶಕ್ಕೆ ಹೋಯಿತು. ಹೊಗೆ ಹೋದ ಮೇಲೆ ವಾಸನೆ ಉಳಿಯಿತು, ಗಾಳಿ ಅದನ್ನು ಹೊಸ್ತಿಲ ಕಡೆಗೆ ತಂದಿತು. ಅವನಿಗೆ ಹೊಗೆ ಯಾವತ್ತು ಬೇಕಾಗಿತ್ತು? ಆ ಬಾಗಿಲ ಹೊರಗೆ ಕುಳಿತಾಗಲೂ ಅವನಿಗೆ ಸಿಕ್ಕಿದ್ದು ಇಷ್ಟೇ.

ಒಳಗೆ ಶಿವಕಾಂತಾ ನಗುತ್ತಿದ್ದಳು. “ನಿನ್ನ ಹೆಸರು ಜೇವರ್ಗಿ ಪಟ್ಟಿಯಾಗ ಅದ ಅಕ್ಕಾ. ತವರಿಗೆ ಹೋಗಿದ್ದಾರೆ ಅಂತ ನಾನ ಒತ್ತೇನಿ. ಈಗ ಖರೇನ ಕೇಳ್ತೇನಿ, ಹೇಳು. ಬಾಣಂತನ ಯಾರು ಮಾಡಿದ್ರು?”

 ಬಾಗಿಲಿನಿಂದ ವಾಸನೆ ಒಳಗೆ ಹೋಗುವಷ್ಟು ಹೊತ್ತು ಹೋಯಿತು.

“ಅವ್ವ ಅಂತ ಬರಿ,” ಎಂದಳು ಜಯಮಾಲಾ.

“ಅಕ್ಕಾ…”

“ಎಲ್ಲಾರೂ ಅವ್ವ ಅಂತಾರ ಅಂದೆಲ್ಲ? ನಂದೂ ಹಂಗ ಬರಿ.”

ಕಟ್ಟೆಯ ಮೇಲೆ ಸೈದಪ್ಪನಿಗೆ ಅದು ಕೇಳಿಸಿತು. ಕಣ್ಣು ತುಂಬಿ ಹರಿಯಿತು. ಹೊಗೆಯ ನೆಪ ಹೇಳಲು ಶಿಗಡಿ ಎದುರಿಗೇ ಇತ್ತು, ಆದರೆ ನೆಪ ಹೇಳಬೇಕು ಅನಿಸಲಿಲ್ಲ. ಹಾದಿಯಲ್ಲಿ ಹೋಗುವವರು ನೋಡಿದರೆ ನೋಡಲಿ ಎಂದು ಹಾಗೇ ಕುಳಿತ. ಆಮೇಲೆ ಇನ್ನೊಂದು ಚಿಟಿಕೆ ಅಜವಾನ ಉದುರಿಸಿ, ಬಾಗಿಲ ಕಡೆಗೆ ಮುಖ ಮಾಡಿ ಕೇಳಿದ.

“ಒಳಗ ವಾಸನಿ ಬರಾಕತ್ತದೇನವಾ?”

“ಬರಾಕತ್ತದ ಅಪ್ಪಾ,” ಎಂದಳು ಜಯಮಾಲಾ.